ಪ್ರಾಸ್ಟೇಟ್‌ಗೆ ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿದ್ದರೆ ವಾಕಿಂಗ್ ಒಂದೇ ಸಾಲದು
ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ತಗೊಳ್ಳುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ವಾಕಿಂಗ್ ಜೊತೆ ವಾರಕ್ಕೆ 2 ದಿನ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿಸಿ. ಜಿಮ್ ಬೇಡ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ 8–10 ಸಲ ಎದ್ದು ಕೂರುವುದು, ಆಮೇಲೆ ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಎತ್ತುವುದು, ಅಷ್ಟೆ. ಉಸಿರು ಬಿಗಿಹಿಡಿಯಬಾರದು. ಸುಲಭ ಅನ್ನಿಸಿದ ಮೇಲೆ ಬಾಟಲಿ ದೊಡ್ಡದಾಗಲಿ, ಸುಮ್ನೆ ಹಗುರವಾಗಿ ಆಡಿಸಿದರೆ ಲಾಭ ಕಡಿಮೆ. ಆ ಇಂಜೆಕ್ಷನ್ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನನ್ನು ಇಳಿಸುವುದರಿಂದ ಸ್ನಾಯು ಕರಗಿ ಮೈಯಲ್ಲಿ ಕೊಬ್ಬು ಜಾಸ್ತಿಯಾಗುತ್ತದೆ. ಭಾರ ಎತ್ತುವಾಗ ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆ, ಕೊಬ್ಬನ್ನು ಎಳೆದುಕೊಂಡು ಬಳಸುತ್ತದೆ. ತೂಕ ಇಳಿಯದೇ ಇರಬಹುದು. ಕುರ್ಚಿಯಿಂದ ಏಳೋದು ಸಲೀಸಾಯ್ತಾ ಅಂತ ನೋಡಿ. ಇದು ಚಿಕಿತ್ಸೆಗೆ ಬದಲಿ ಅಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ.