ಫ್ರಾನ್ಸಿನ ಶಾಲೆಯಲ್ಲಿ ಸಿಬ್ಬಂದಿಯನ್ನು ದಾರಿ ಕೇಳುವುದು

ಮೊದಲು 'ಬೋಂಜೂರ್ ಮದಾಮ್' ಅಥವಾ 'ಬೋಂಜೂರ್ ಮೆಸ್ಯೂ' ಎನ್ನಿ. ನಮಸ್ಕಾರವಿಲ್ಲದೆ ನೇರ ಪ್ರಶ್ನೆಗಿಳಿದರೆ ಅಲ್ಲಿ ಒರಟುತನವೆಂದೇ ಎಣಿಸುತ್ತಾರೆ. ಆಮೇಲೆ: 'ಊ ಎ ಲ ಸೆಕ್ರೆತಾರಿಯಾ, ಸಿಲ್ ವೂ ಪ್ಲೇ?' ಅಂದರೆ, ಕಚೇರಿ ಎಲ್ಲಿದೆ, ದಯವಿಟ್ಟು ಹೇಳಿ. ತಡವಾಗಿ ಬಂದಿದ್ದರೆ, ರಜೆಯ ಚೀಟಿ ಕೊಡಬೇಕಿದ್ದರೆ ಕೇಳಬೇಕಾದದ್ದು 'ಲಾ ವೀ ಸ್ಕೋಲೇರ್', ಅಂದರೆ ಹಾಜರಾತಿ ನೋಡಿಕೊಳ್ಳುವ ವಿಭಾಗ. ಮೈ ಹುಷಾರಿಲ್ಲದಿದ್ದರೆ 'ಲೆಂಫಿರ್ಮರೀ', ಅಂದರೆ ಶಾಲೆಯ ಶುಶ್ರೂಷಾ ಕೊಠಡಿ. ಸಿಬ್ಬಂದಿಗೆ ಯಾವಾಗಲೂ 'ವೂ' (ನೀವು), 'ತ್ಯು' (ನೀನು) ಬೇಡ.

ಹೆಚ್ಚಿನವರು ಎಡವುವುದು ಉತ್ತರ ಕೇಳಿಸಿಕೊಳ್ಳುವಾಗ. 'ತೂ ದ್ರ್ವಾ' ಎಂದರೆ ನೇರ, 'ಆ ದ್ರ್ವಾತ್' ಎಂದರೆ ಬಲಕ್ಕೆ. ಕೊನೆಯ 'ತ್' ಕೇಳಿಸಿತೇ ಎಂಬುದರ ಮೇಲೇ ಕಿವಿಯಿಡಿ. 'ಆ ಗೋಷ್' ಎಡಕ್ಕೆ. 'ಪ್ರೆಮಿಯೇರ್ ಎತಾಜ್' ಎಂದರೆ ನೆಲಮಹಡಿಯ ಮೇಲಿನದು, ನಮ್ಮ ಲೆಕ್ಕದಂತೆಯೇ. ಸಂದೇಹವಿದ್ದರೆ ಕೈ ತೋರಿಸಿ 'ಆ ದ್ರ್ವಾತ್?' ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹೊರಡುವಾಗ 'ಮೆರ್ಸಿ, ಓ ರೆವ್ವಾರ್' (ಧನ್ಯವಾದ, ಹೋಗಿ ಬರುತ್ತೇನೆ) ಮರೆಯಬೇಡಿ.