ಕ್ಯೋಟೋ ಸ್ಟೇಷನ್ ಹತ್ತಿರ ಹೋಟೆಲ್: ಮೊದಲು ಯಾವ ಬದಿ ಅಂತ ನೋಡಿ

ಮೊದಲ ಸಲ ಜಪಾನಿನ ಕ್ಯೋಟೋಗೆ ಹೊರಟಾಗ ‘ಸ್ಟೇಷನ್‌ನಿಂದ 5 ನಿಮಿಷ’ ಅನ್ನುವುದನ್ನು ನೋಡಿಯೇ ರೂಮ್ ಬುಕ್ ಮಾಡಿದ್ದೆ. ಟೋಕಿಯೋದಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಬಂದಿಳಿದೆವು. ಹೋಟೆಲ್ ಬಾಗಿಲು ಮುಟ್ಟುವಷ್ಟರಲ್ಲಿ 25 ನಿಮಿಷ ಆಗಿತ್ತು. ಎರಡು ದೊಡ್ಡ ಸೂಟ್‌ಕೇಸ್, ಜೊತೆಗೆ ಮಂಡಿನೋವಿನ ಅಮ್ಮ. ಆ 5 ನಿಮಿಷದ ಲೆಕ್ಕ ಸ್ಟೇಷನ್‌ನ ಆಚೆ ಬದಿಯ ಬಾಗಿಲಿನಿಂದ!

ಕ್ಯೋಟೋ ಸ್ಟೇಷನ್‌ಗೆ ಎರಡು ಮುಖ. ಉತ್ತರಕ್ಕೆ ಕರಸುಮ, ದಕ್ಷಿಣಕ್ಕೆ ಹಚಿಜೋ. ನಡುವೆ ಸಾಲು ಸಾಲು ಹಳಿಗಳು. ಈ ಕಡೆಯಿಂದ ಆ ಕಡೆಗೆ ಹೋಗಲು ಮೇಲೆ ಹತ್ತಿ, ಉದ್ದ ನಡೆದು, ಮತ್ತೆ ಇಳಿಯಬೇಕು. ಲಿಫ್ಟ್, ಎಸ್ಕಲೇಟರ್ ಇವೆ. ಆದರೆ ಜನಸಂದಣಿಯಲ್ಲಿ ಲಗೇಜ್ ಎಳೆದುಕೊಂಡು ಹುಡುಕಬೇಕಲ್ವಾ?

ಎರಡನೇ ಸಲ ದರ ನೋಡುವುದಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡೆ: ನಾವು ಬಂದಿಳಿಯುವುದು ಎಲ್ಲಿ, ಹೊರಡುವುದು ಎಲ್ಲಿಂದ? ಶಿಂಕಾನ್ಸೆನ್ ಇರುವುದು ಹಚಿಜೋ ಕಡೆ. ಕಾನ್ಸಾಯ್ ವಿಮಾನ ನಿಲ್ದಾಣದ ಬಸ್ ನಿಲ್ಲುವುದೂ ಅಲ್ಲೇ. ನಾವು ಆ ಬಸ್ಸಿನಲ್ಲಿ ಬಂದು ಶಿಂಕಾನ್ಸೆನ್‌ನಲ್ಲಿ ಹೊರಡುವವರು. ಹಾಗಾಗಿ ಹಚಿಜೋ ಕಡೆಯೇ ಹಿಡಿದೆ. ನೀವು ಅದೇ ವಿಮಾನ ನಿಲ್ದಾಣದಿಂದ ಹರುಕಾ ರೈಲಿನಲ್ಲಿ ಬರುವುದಾದರೆ 30ನೇ ಪ್ಲಾಟ್‌ಫಾರ್ಮ್‌ನಲ್ಲಿ ಇಳಿಯುತ್ತೀರಿ. ಅದು ಉತ್ತರದ ಕಡೆಗಿದೆ. ಸಿಟಿ ಬಸ್ಸುಗಳ ದೊಡ್ಡ ನಿಲ್ದಾಣ, ಸಬ್‌ವೇ ಕೂಡ ಆ ಕಡೆಯೇ. ದಿನಾ ಬಸ್ಸಲ್ಲಿ ಸುತ್ತುವವರಿಗೆ ಕರಸುಮ ಬದಿಯೇ ಅನುಕೂಲ.

ಆಮೇಲೆ ರೂಮಿನ ಅಳತೆ. ಫೋಟೋ ನಂಬಬೇಡಿ, ಚದರ ಮೀಟರ್ ನೋಡಿ. ಸ್ಟೇಷನ್ ಸುತ್ತಲಿನ ಬಿಸಿನೆಸ್ ಹೋಟೆಲ್‌ಗಳಲ್ಲಿ 12–13 ಚದರ ಮೀಟರಿನ ರೂಮುಗಳು ಮಾಮೂಲು. ಅಂಥ ಕಡೆ ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. ‘ಸೆಮಿ ಡಬಲ್’ ಅಂದರೆ ಸುಮಾರು 120 ಸೆಂಟಿಮೀಟರ್ ಅಗಲದ ಒಂದೇ ಹಾಸಿಗೆ, ಇಬ್ಬರಿಗೆ ಇಕ್ಕಟ್ಟು. ನಾನು 20 ಚದರ ಮೀಟರಿನ, ಎರಡು ಬೇರೆ ಬೇರೆ ಹಾಸಿಗೆಗಳಿರುವ ಟ್ವಿನ್ ರೂಮ್ ತೆಗೆದುಕೊಂಡೆ. ದರ ಸ್ವಲ್ಪ ಜಾಸ್ತಿಯಾಯಿತು, ಆದರೆ ಅಮ್ಮ ರಾತ್ರಿ ತಡವರಿಸದೆ ಎದ್ದು ಓಡಾಡಿದರು.

ವಯಸ್ಸಾದವರು ಜೊತೆಗಿದ್ದರೆ ಸ್ನಾನದ ಕೋಣೆಯ ಬಗ್ಗೆ ಕೇಳಲೇಬೇಕು. ಇಂಥ ಹೋಟೆಲ್‌ಗಳಲ್ಲಿ ಬಾತ್‌ರೂಮಿನ ಹೊಸ್ತಿಲೇ ಒಂದು ಮೆಟ್ಟಿಲಿನಷ್ಟು ಎತ್ತರ ಇರುವುದುಂಟು. ಸ್ನಾನದ ತೊಟ್ಟಿಯ ಅಂಚು ಇನ್ನೂ ಎತ್ತರ. ಕಾಲೆತ್ತಿ ದಾಟಿಯೇ ಒಳಗೆ ನಿಲ್ಲಬೇಕು. ನಾನು ಮೊದಲೇ ಇಮೇಲ್‌ನಲ್ಲಿ ಕೇಳಿದೆ. ಹಿಡಿಕೆ ಇರುವ ರೂಮನ್ನೇ ಕೊಟ್ಟರು.

ತಿಂಡಿ ಸೇರಿದ ದರ ಬೇಡವೆಂದೆ. ಅಮ್ಮ ಶುದ್ಧ ಸಸ್ಯಾಹಾರಿ. ಹುದುಗಿಸಿದ ಸೋಯಾ ಪೇಸ್ಟಿನಿಂದ ಮಾಡುವ ಅಲ್ಲಿನ ಮಿಸೋ ಸೂಪಿಗೂ ಸಾಮಾನ್ಯವಾಗಿ ಮೀನಿನ ಸಾರವೇ ಆಧಾರ. ರೂಮಿನಲ್ಲಿ ಬಿಸಿನೀರಿನ ಕೆಟಲ್ ಇತ್ತು. ಮನೆಯಿಂದ ಒಯ್ದ ಉಪ್ಪಿಟ್ಟಿನ ಮಿಕ್ಸ್, ಸ್ಟೇಷನ್ ಅಂಗಡಿಯ ಬಾಳೆಹಣ್ಣು ಸಾಕಾಯಿತು.

ಕೊನೆಯ ದಿನ 10 ಗಂಟೆಗೆ ರೂಮ್ ಬಿಟ್ಟು ಲಗೇಜನ್ನು ರಿಸೆಪ್ಶನ್‌ನಲ್ಲಿಟ್ಟೆವು. ದುಡ್ಡು ಕೇಳಲಿಲ್ಲ. ನಾರಾ ಲೈನಿನ ಲೋಕಲ್ ರೈಲು ಹತ್ತಿ, ಎರಡನೇ ನಿಲ್ದಾಣ ಇನಾರಿಯಲ್ಲಿ ಇಳಿದೆವು. ರ‍್ಯಾಪಿಡ್ ರೈಲು ಅಲ್ಲಿ ನಿಲ್ಲುವುದಿಲ್ಲ, ಗಮನವಿರಲಿ. ಅಲ್ಲಿನ ಫುಶಿಮಿ ಇನಾರಿ ದೇಗುಲದ ಕೆಂಪು ಕಮಾನುಗಳ ಕೆಳಗೆ ಅಮ್ಮ ತಮಗೆ ಸಾಕೆನಿಸುವಷ್ಟು ನಡೆದರು. ವಾಪಸ್ ಬಂದು ಲಗೇಜ್ ತೆಗೆದುಕೊಂಡೆವು. ರಸ್ತೆ ದಾಟಿದರೆ ಶಿಂಕಾನ್ಸೆನ್ ಗೇಟು.