ಅಜ್ಜಿಯ ಆಂಡ್ರಾಯ್ಡ್, ಮೊಮ್ಮಗಳ ಐಪ್ಯಾಡ್: ವಿಡಿಯೊ ಕರೆ ಮಾಡುವುದು ಹೇಗೆ?

ಮಂಡ್ಯದ ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟು ಗಂಟೆ ಅಂದರೆ ಅಮೆರಿಕದ ಮೊಮ್ಮಕ್ಕಳ ಜೊತೆ ಮಾತಿನ ಹೊತ್ತು. ಎದುರು ಮನೆ ದೊಡ್ಡಮ್ಮ ಅರ್ಧ ಗಂಟೆ ಫೋನ್ ಒತ್ತಿ ಒತ್ತಿ, ಮೊಮ್ಮಗಳ ಮುಖ ಕಾಣದೆಯೇ ಎದ್ದು ಹೋಗಿದ್ದನ್ನು ಎಷ್ಟು ಸಲ ನೋಡಿದ್ದೇನೆ! ತಪ್ಪು ಅವರದಲ್ಲ. ಹೇಳಿಕೊಟ್ಟವರು ಮುಖ್ಯವಾದ ಎರಡು ಮಾತು ಬಿಟ್ಟಿದ್ದರು, ಅವು ಕೆಳಗಿನ 3 ಮತ್ತು 4ನೇ ಹೆಜ್ಜೆಯಲ್ಲಿವೆ.

ಎರಡೂ ಕಡೆ ವಾಟ್ಸ್‌ಆ್ಯಪ್ ಇದ್ದರೆ ಅದರಲ್ಲೇ ಮಾಡಿ. ಫೋನ್ ಯಾವುದಾದರೂ ನಡೆಯುತ್ತದೆ. ತೊಡಕು ಬರುವುದು ಮಗುವಿನ ಕೈಯಲ್ಲಿ ಐಪ್ಯಾಡ್ ಮಾತ್ರ ಇದ್ದಾಗ. ವಾಟ್ಸ್‌ಆ್ಯಪ್‌ಗೆ ಫೋನ್ ನಂಬರ್ ಬೇಕು, ಮಗುವಿಗೆ ಎಲ್ಲಿಂದ ಬರಬೇಕು? ಐಪ್ಯಾಡ್‌ನಲ್ಲಿರುವುದು ಆ್ಯಪಲ್‌ನದೇ ವಿಡಿಯೊ ಕರೆ ಆ್ಯಪ್ ಫೇಸ್‌ಟೈಮ್. 2021ರಲ್ಲಿ ಐಒಎಸ್ 15 ಎಂಬ ಆ್ಯಪಲ್‌ನ ತಂತ್ರಾಂಶ ಬಂದ ಮೇಲೆ ಆಂಡ್ರಾಯ್ಡ್ ಫೋನಿನವರೂ ಲಿಂಕ್ ಹಿಡಿದು ಅದಕ್ಕೆ ಸೇರಬಹುದು.

ಆದರೆ ಕರೆ ಶುರು ಮಾಡಬೇಕಾದವರು ಆ್ಯಪಲ್ ಕಡೆಯವರೇ. ದಯವಿಟ್ಟು ಪ್ಲೇ ಸ್ಟೋರ್‌ನಲ್ಲಿ ಫೇಸ್‌ಟೈಮ್ ಹುಡುಕಬೇಡಿ. ಆಂಡ್ರಾಯ್ಡ್‌ಗೆ ಆ್ಯಪಲ್ ಆ ಆ್ಯಪ್ ಕೊಟ್ಟೇ ಇಲ್ಲ. ಅಂಥ ಹೆಸರಿಟ್ಟುಕೊಂಡು ಸಿಗುವುದೆಲ್ಲ ಬೇರೆ ಯಾರದೋ, ಹಾಕಿಕೊಳ್ಳಲೇಬೇಡಿ.

1. ಐಪ್ಯಾಡ್‌ನಲ್ಲಿ ಫೇಸ್‌ಟೈಮ್ ತೆರೆದು ‘ಕ್ರಿಯೇಟ್ ಲಿಂಕ್’ ಒತ್ತಲಿ. ಲಿಂಕನ್ನು ಅಪ್ಪನಿಗೆ ಮೇಲ್ ಮಾಡಲಿ, ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಅಜ್ಜಿಗೆ ಕಳಿಸಲಿ.

2. ಅಜ್ಜಿ ಲಿಂಕ್ ಒತ್ತಿದರೆ ಕ್ರೋಮ್ ತೆರೆಯಬೇಕು. ಬೇರೆ ಬ್ರೌಸರ್ ತೆರೆದರೆ ಲಿಂಕ್ ಕಾಪಿ ಮಾಡಿ ಕ್ರೋಮ್‌ನಲ್ಲಿ ಹಾಕಿ. ಹೆಸರು ಕೇಳುತ್ತದೆ. ‘ಅಜ್ಜಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಆ ಕಡೆ ಕಾಣುವುದು ಅದೇ.

3. ಎಲ್ಲರೂ ಎಡವುವುದು ಇಲ್ಲಿ. ಕ್ಯಾಮೆರಾ, ಮೈಕ್ ಬಳಸಲೇ ಎಂದು ಕ್ರೋಮ್ ಕೇಳುತ್ತದೆ. ಮೋಸದ ಸುದ್ದಿ ಓದಿ ಹೆದರಿದವರು ‘ಬ್ಲಾಕ್’ ಒತ್ತಿಬಿಡುತ್ತಾರೆ. ಹೆದರಿಕೆ ಒಳ್ಳೆಯದೇ, ಅದಕ್ಕೇ ಮೊದಲು ಮೇಲಿನ ವಿಳಾಸ ಓದಿ. ಅದು ‘ಫೇಸ್‌ಟೈಮ್ ಡಾಟ್ ಆ್ಯಪಲ್ ಡಾಟ್ ಕಾಮ್’ ಎಂದಿದ್ದು, ಲಿಂಕ್ ಕಳಿಸಿದ್ದು ನಿಮ್ಮ ಮಗನೇ ಆಗಿದ್ದರೆ ‘ಅಲೋ’ ಒತ್ತಿ. ಆಗಲೇ ಬ್ಲಾಕ್ ಆಗಿದ್ದರೆ ವಿಳಾಸದ ಎಡಗಡೆಯ ಚಿಕ್ಕ ಗುರುತು ಒತ್ತಿ, ಪರ್ಮಿಷನ್‌ಗೆ ಹೋಗಿ, ಎರಡನ್ನೂ ಆನ್ ಮಾಡಿ, ಪುಟವನ್ನು ಮತ್ತೆ ಲೋಡ್ ಮಾಡಿ. ಆದರೂ ಮುಖ ಬರಲಿಲ್ಲವಾ? ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಕ್ರೋಮ್, ಅದರ ಪರ್ಮಿಷನ್ಸ್ ನೋಡಿ. ಅಲ್ಲೂ ಕ್ಯಾಮೆರಾ, ಮೈಕ್ ಎರಡಕ್ಕೂ ಒಪ್ಪಿಗೆ ಇರಬೇಕು. ಇದನ್ನು ಶನಿವಾರವೇ ಒಮ್ಮೆ ನೋಡಿಟ್ಟುಕೊಳ್ಳಿ.

4. ‘ಜಾಯಿನ್’ ಒತ್ತಿ ಕಾಯಿರಿ. ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಮೊಮ್ಮಗಳೂ ಆಗ ಕರೆಯಲ್ಲಿ ಇರಬೇಕು. ಅವಳ ಐಪ್ಯಾಡ್‌ನಲ್ಲಿ ಬರುವ ಹಸಿರು ಟಿಕ್ ಗುರುತನ್ನು ಅವಳು ಒತ್ತಿದರೆ ಮಾತ್ರ ಅಜ್ಜಿ ಒಳಗೆ ಹೋಗುವುದು. ಲಿಂಕ್ ಕಳಿಸಿ ಆಟಕ್ಕೆ ಓಡಿಹೋದರೆ ಅಜ್ಜಿ ಇಲ್ಲಿ ಬಾಗಿಲಲ್ಲೇ ನಿಂತಿರುತ್ತಾರೆ. ಇದನ್ನು ಮಗುವಿಗೆ ಮೊದಲೇ ಹೇಳಿಡಿ.

ನೆಟ್ ಎಳೆಯುತ್ತಿದ್ದರೆ ಒಳಮನೆ ಬಿಟ್ಟು ಜಗಲಿಗೆ ಬನ್ನಿ. ಹಳೇ ಮನೆಗಳ ದಪ್ಪ ಗೋಡೆ ಸಿಗ್ನಲ್ ತಡೆಯುತ್ತದೆ. ಫೋನ್ ಕೈಯಲ್ಲಿ ಹಿಡಿಯಬೇಡಿ, ಕೈ ನಡುಗಿ ಚಿತ್ರ ಅಲುಗುತ್ತದೆ. ಅಕ್ಕಿ ಡಬ್ಬಕ್ಕೆ ಒರಗಿಸಿ, ಬೆಳಕಿಗೆ ಮುಖ ಮಾಡಿ ಕೂತುಕೊಳ್ಳಿ.